ಆರ್ಕ್ಟಿಕ್ ಕಡಲಿನ ಮಂಜುಗಡ್ಡೆ ಮತ್ತು ಬಿಸಿಲಿನ ಲೆಕ್ಕ

ಭೂಮಿಯ ಹವಾಗುಣವನ್ನು ನಿರ್ಧರಿಸುವ ಸಂಗತಿಗಳಲ್ಲಿ ಸೂರ್ಯನಿಂದ ಎಷ್ಟು ಶಕ್ತಿ ಬರುತ್ತದೆ ಎಂಬುದು ಮೊದಲನೆಯದು. ಬಂದುದರಲ್ಲಿ ಎಷ್ಟನ್ನು ಭೂಮಿ ಇಟ್ಟುಕೊಳ್ಳುತ್ತದೆ, ಎಷ್ಟನ್ನು ಹಿಂದಕ್ಕೆ ಕಳಿಸುತ್ತದೆ ಎಂಬುದು ಎರಡನೆಯದು. ವಾತಾವರಣದ ಹೊರಗೆ, ಸೂರ್ಯನಿಗೆ ನೇರವಾಗಿ ಮುಖಮಾಡಿದ ಒಂದು ಚದರ ಮೀಟರಿನ ಮೇಲೆ ಸುಮಾರು 1361 ವ್ಯಾಟ್ ಶಕ್ತಿ ಬೀಳುತ್ತದೆ. ಭೂಮಿ ಗೋಲಾಕಾರವಾಗಿರುವುದರಿಂದಲೂ ಅದರ ಅರ್ಧಭಾಗ ಸದಾ ಕತ್ತಲಲ್ಲಿರುವುದರಿಂದಲೂ ಇಡೀ ಮೇಲ್ಮೈಗೆ ಹಂಚಿದಾಗ ಇದು ಚದರ ಮೀಟರಿಗೆ ಸರಾಸರಿ 340 ವ್ಯಾಟ್ ಆಗುತ್ತದೆ. ಇದರಲ್ಲಿ ಹೆಚ್ಚುಕಡಿಮೆ ಶೇಕಡಾ 30ರಷ್ಟು ಮೋಡಗಳಿಂದ, ಗಾಳಿಯ ಕಣಗಳಿಂದ, ಮರುಭೂಮಿಗಳಿಂದ ಮತ್ತು ಹಿಮದಿಂದ ಚದುರಿ, ಏನನ್ನೂ ಬಿಸಿಮಾಡದೆ ಬಾಹ್ಯಾಕಾಶಕ್ಕೆ ಮರಳಿಹೋಗುತ್ತದೆ. ಒಂದು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ಹೀಗೆ ಪ್ರತಿಫಲಿಸುತ್ತದೆ ಎಂಬುದನ್ನು ವಿಜ್ಞಾನಿಗಳು ಆಲ್ಬಿಡೊ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಎಲ್ಲ ಬೆಳಕನ್ನೂ ನುಂಗುವ ವಸ್ತುವಿನ ಆಲ್ಬಿಡೊ ಸೊನ್ನೆ; ಎಲ್ಲವನ್ನೂ ಹಿಂದಿರುಗಿಸುವುದರದ್ದು ಒಂದು. ಬೇಸಿಗೆಯ ನಡುಮಧ್ಯಾಹ್ನ ಸುಣ್ಣ ಬಳಿದ ತಾರಸಿಯ ಮೇಲೂ ಡಾಂಬರು ರಸ್ತೆಯ ಮೇಲೂ ಬರಿಗಾಲಿನಲ್ಲಿ ನಡೆದವರಿಗೆ ಈ ಸಂಖ್ಯೆಯ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಭೂಮಿಯ ಮೇಲೆ ಈ ಸಂಖ್ಯೆ ಅತಿ ವಿಶಾಲವಾದ ಹರವಿನಲ್ಲಿ, ಅತಿ ಕಡಿಮೆ ಅವಧಿಯಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿಯುವುದು ಧ್ರುವ ಪ್ರದೇಶದ ಸಮುದ್ರಗಳಲ್ಲಿ. ತೆರೆದ ಕಡಲಿನ ಆಲ್ಬಿಡೊ ಸುಮಾರು 0.06. ಅಂದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ಅದು ಬಿಟ್ಟುಕೊಡುತ್ತದೆ. ಅದೇ ಕಡಲು ಹೆಪ್ಪುಗಟ್ಟಿದಾಗ ಬರಿಯ ಮಂಜುಗಡ್ಡೆ 0.5ರಿಂದ 0.7ರಷ್ಟನ್ನು ಪ್ರತಿಫಲಿಸುತ್ತದೆ, ಮತ್ತು ಅದರ ಮೇಲೆ ಒಣ ಹಿಮ ಬಿದ್ದು ಹಾಸಿಕೊಂಡಾಗ ಈ ಪ್ರಮಾಣ 0.8ರಿಂದ 0.9ರವರೆಗೂ ಏರುತ್ತದೆ. ಒಂದೇ ಜಾಗ, ಒಂದೇ ಸೂರ್ಯ. ಮಧ್ಯೆ ಒಂದೆರಡು ಮೀಟರ್ ದಪ್ಪದ ಗಡ್ಡೆ ಇದೆಯೇ ಇಲ್ಲವೇ ಎಂಬುದರ ಮೇಲೆ ಕಡಲು ಹೀರಿಕೊಳ್ಳುವ ಶಾಖ ಹಲವು ಪಟ್ಟು ಹೆಚ್ಚುಕಡಿಮೆಯಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಕಡಲಿನ ನೀರೇ ಹೆಪ್ಪುಗಟ್ಟಿ ಉಂಟಾದ ಮಂಜುಗಡ್ಡೆಯ ವಿಷಯ. ನೆಲದ ಮೇಲೆ ಸಾವಿರಾರು ವರ್ಷ ಹಿಮ ಬಿದ್ದು ಒತ್ತರಿಸಿಕೊಂಡು ಬೆಳೆದ ಗ್ರೀನ್‌ಲ್ಯಾಂಡಿನ ಅಥವಾ ಅಂಟಾರ್ಕ್ಟಿಕಾದ ಹಿಮರಾಶಿಯದ್ದಲ್ಲ. ನೆಲದ ಮೇಲಿನದು ಕರಗಿದರೆ ಸಮುದ್ರಮಟ್ಟ ಏರುತ್ತದೆ. ಕಡಲ ಮಂಜುಗಡ್ಡೆ ಮೊದಲೇ ನೀರಿನಲ್ಲಿ ತೇಲುತ್ತಿರುವುದರಿಂದ ಕರಗಿದರೂ ಮಟ್ಟದಲ್ಲಿ ಗಣನೀಯ ವ್ಯತ್ಯಾಸವಾಗುವುದಿಲ್ಲ. ಈ ಕಾರಣಕ್ಕೇ ಅದನ್ನು ಹಗುರವಾಗಿ ಕಾಣುವವರಿದ್ದಾರೆ. ಆದರೆ ಅದರ ಕೆಲಸವೇ ಬೇರೆ. ಉಪ್ಪಿನ ಕಾರಣದಿಂದ ಸಮುದ್ರದ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟದೆ ಮೈನಸ್ 1.8 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಯಬೇಕಾಗುತ್ತದೆ. ಹೆಪ್ಪುಗಟ್ಟುವಾಗ ಬಹುಪಾಲು ಉಪ್ಪು ಹೊರಕ್ಕೆ ತಳ್ಳಲ್ಪಟ್ಟರೂ ಸ್ವಲ್ಪ ಉಪ್ಪುನೀರು ಸಣ್ಣ ಸಣ್ಣ ಪೊಟರೆಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಗಾಳಿಯ ಗುಳ್ಳೆಗಳೂ ಸೇರಿಕೊಳ್ಳುತ್ತವೆ. ಶುದ್ಧ ಮಂಜುಗಡ್ಡೆ ಗಾಜಿನಂತೆ ಪಾರದರ್ಶಕವಾದುದಾದರೂ ಒಳಹೊಕ್ಕ ಬೆಳಕು ಈ ಗುಳ್ಳೆ ಮತ್ತು ಪೊಟರೆಗಳ ಅಂಚುಗಳಲ್ಲಿ ಮತ್ತೆ ಮತ್ತೆ ದಿಕ್ಕು ಬದಲಿಸಿ ಕೊನೆಗೆ ಮೇಲಕ್ಕೇ ಹೊರಬರುವುದರಿಂದ ಕಡಲ ಗಡ್ಡೆ ಬೆಳ್ಳಗೆ ಕಾಣುತ್ತದೆ. ಹಿಮದ ಹಾಸಿನಲ್ಲಿ ಹರಳುಗಳು ಇನ್ನೂ ಸೂಕ್ಷ್ಮವಾಗಿದ್ದು ಅಂಚುಗಳು ಇನ್ನೂ ಅಸಂಖ್ಯವಾಗಿರುವುದೇ ಅದರ ಹೆಚ್ಚಿನ ಬೆಳ್ಪಿಗೆ ಕಾರಣ.

ಧ್ರುವದಲ್ಲಿ ಬಿಸಿಲೇ ದುರ್ಬಲವಲ್ಲವೇ, ಅಲ್ಲಿ ಬೆಳಕು ಮರಳಿದರೆಷ್ಟು ಉಳಿದರೆಷ್ಟು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ವರ್ಷದ ಸರಾಸರಿಯನ್ನು ನೋಡಿದರೆ ಅದು ಸರಿಯೂ ಹೌದು. ಆದರೆ ಜೂನ್ 21ರ ಆಸುಪಾಸಿನಲ್ಲಿ ಉತ್ತರ ಧ್ರುವದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಕಿರಣಗಳು ಓರೆಯಾಗಿ ಬಿದ್ದರೂ ಇಪ್ಪತ್ತನಾಲ್ಕು ತಾಸೂ ಬೀಳುವುದರಿಂದ, ವಾತಾವರಣದ ಮೇಲ್ತುದಿಯಲ್ಲಿ ಅಳೆದಾಗ, ಆ ಕೆಲವು ವಾರಗಳ ದಿನವೊಂದರ ಒಟ್ಟು ಬಿಸಿಲು ಭೂಮಧ್ಯರೇಖೆಯಲ್ಲಿ ಬೀಳುವುದಕ್ಕಿಂತ ಹೆಚ್ಚಾಗಿರುತ್ತದೆ. ಈ ಬಿಸಿಲಿನ ರಾಶಿಯನ್ನು ಆರ್ಕ್ಟಿಕ್ ಸಾಗರ ಬಹುತೇಕ ತಿರಸ್ಕರಿಸುತ್ತದೆಯೋ ಸ್ವೀಕರಿಸುತ್ತದೆಯೋ ಎಂಬುದು ಆ ಹೊತ್ತಿಗೆ ಅದರ ಮೈಮೇಲೆ ಏನಿದೆ ಎಂಬುದನ್ನು ಅವಲಂಬಿಸಿದೆ.

ಇದನ್ನು ಅತ್ಯಂತ ತಾಳ್ಮೆಯಿಂದ ಅಳೆದ ಪ್ರಯೋಗಗಳಲ್ಲೊಂದು 1997ರ ಅಕ್ಟೋಬರಿನಿಂದ 1998ರ ಅಕ್ಟೋಬರಿನವರೆಗೆ ನಡೆದ ಶೀಬಾ ಎಂಬ ಯೋಜನೆ. ಕೆನಡಾದ ಮಂಜುಗಡ್ಡೆ ಒಡೆಯುವ ಹಡಗು 'ದೆ ಗ್ರೊಸೆಯೇ'ಯನ್ನು ಅಲಾಸ್ಕಾದ ಉತ್ತರಕ್ಕಿರುವ ಬೋಫರ್ಟ್ ಸಮುದ್ರದ ಗಡ್ಡೆಯಲ್ಲಿ ಉದ್ದೇಶಪೂರ್ವಕವಾಗಿ ಹೆಪ್ಪುಗಟ್ಟಲು ಬಿಟ್ಟು, ಅದರೊಡನೆ ತೇಲುತ್ತ ವಿಜ್ಞಾನಿಗಳು ಒಂದು ವರ್ಷ ಅಳತೆ ಮಾಡಿದರು. ಅಮೆರಿಕದ ಡೊನಾಲ್ಡ್ ಪೆರೊವಿಚ್ ಮತ್ತು ಅವರ ಸಂಗಡಿಗರು ಗಡ್ಡೆಯ ಮೇಲೆ 200 ಮೀಟರ್ ಉದ್ದದ ಗೆರೆಯೊಂದನ್ನು ಗುರುತಿಸಿಕೊಂಡು, ಅದರ ಗುಂಟ ಅಡಿಗಡಿಗೆ ಬೆಳಕಿನ ಮಾಪಕವನ್ನಿಟ್ಟು ವಸಂತದಿಂದ ಶರತ್ಕಾಲದವರೆಗೆ ಆಲ್ಬಿಡೊವನ್ನು ದಾಖಲಿಸಿದರು. ಏಪ್ರಿಲಿನಲ್ಲಿ ಒಣ ಹಿಮದ ಹೊದಿಕೆ ಇದ್ದಾಗ ಆ ಗೆರೆಯ ಸರಾಸರಿ 0.8ಕ್ಕೂ ಮೇಲಿತ್ತು. ಮೇ ತಿಂಗಳ ಕೊನೆಗೆ ಹಿಮ ತೇವಗೊಂಡು, ಹರಳುಗಳು ಅಂಟಿಕೊಂಡು ದೊಡ್ಡವಾಗಿ, ಬೆಳ್ಪು ಮೆಲ್ಲಗೆ ತಗ್ಗತೊಡಗಿತು. ಜೂನ್ ನಡುವಿನ ವೇಳೆಗೆ ಹಿಮ ಕರಗಿದ ನೀರು ಗಡ್ಡೆಯ ಮೇಲಿನ ತಗ್ಗುಗಳಲ್ಲಿ ನಿಂತು ಸಣ್ಣ ಹೊಂಡಗಳಾದವು. ಆಗಸ್ಟ್ ನಡುವಿನ ಹೊತ್ತಿಗೆ ಸರಾಸರಿ 0.4ರ ಸಮೀಪಕ್ಕೆ ಇಳಿದಿತ್ತು. ಗಡ್ಡೆ ಆಗಲೂ ಇತ್ತು. ಆದರೆ ಅದು ಹಿಂದಿರುಗಿಸುತ್ತಿದ್ದ ಬೆಳಕು ಅರ್ಧಕ್ಕೆ ಬಂದಿತ್ತು.

ಈ ಹೊಂಡಗಳ ಮಹತ್ವವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಮೇಲಿನಿಂದ ತಿಳಿನೀಲಿಯಾಗಿ ಕಾಣುವ ಹೊಂಡದ ಆಲ್ಬಿಡೊ, ಅದು ಆಳವಾಗುತ್ತ ಹಾಗೂ ಅದರ ತಳದ ಗಡ್ಡೆ ತೆಳುವಾಗುತ್ತ ಹೋದಂತೆ, 0.2ರ ಸುತ್ತಮುತ್ತಲಿಗೆ ಇಳಿಯಬಹುದು. ಹೊಂಡ ನುಂಗಿದ ಶಾಖ ತಳವನ್ನು ಇನ್ನಷ್ಟು ಕರಗಿಸುತ್ತದೆ. ಗಡ್ಡೆಯ ವಯಸ್ಸಿಗೂ ಹೊಂಡಗಳ ಹರವಿಗೂ ನೇರ ಸಂಬಂಧವಿದೆ. ಹಲವು ಬೇಸಿಗೆಗಳನ್ನು ದಾಟಿ ಬದುಕಿದ ಹಳೆಯ ಗಡ್ಡೆ ಒಂದಕ್ಕೊಂದು ಒತ್ತಿ ಏರುಪೇರಾಗಿ ದಿಬ್ಬಗಳಿಂದ ಕೂಡಿರುತ್ತದೆಯಾದ್ದರಿಂದ ನೀರು ಅಲ್ಲಲ್ಲಿ ಕಿರಿದಾಗಿ, ಆಳವಾಗಿ ನಿಲ್ಲುತ್ತದೆ. ಹಿಂದಿನ ಚಳಿಗಾಲದಲ್ಲಷ್ಟೇ ಹುಟ್ಟಿದ ಗಡ್ಡೆ ಸಮತಟ್ಟಾಗಿರುವುದರಿಂದ ಅಷ್ಟೇ ನೀರು ವಿಶಾಲವಾಗಿ ಹರಡಿ ಮೇಲ್ಮೈಯ ಬಹುಭಾಗವನ್ನು ಕಪ್ಪಾಗಿಸುತ್ತದೆ. 1980ರ ದಶಕದ ಮಧ್ಯದಲ್ಲಿ ಚಳಿಗಾಲದ ಕೊನೆಗೆ ಆರ್ಕ್ಟಿಕ್‌ನಲ್ಲಿದ್ದ ಗಡ್ಡೆಯಲ್ಲಿ ಸುಮಾರು ಮೂರನೆಯ ಒಂದು ಪಾಲು ನಾಲ್ಕು ವರ್ಷಕ್ಕಿಂತ ಹಳೆಯದಾಗಿತ್ತು; ಈಗ ಅಂಥದ್ದು ಶೇಕಡಾ 5ಕ್ಕಿಂತ ಕಡಿಮೆ. ಆದ್ದರಿಂದ ವಿಸ್ತೀರ್ಣ ಕುಗ್ಗದ ಕಡೆಗಳಲ್ಲಿಯೂ ಗುಣ ಕುಗ್ಗಿದೆ. ನಕ್ಷೆಯಲ್ಲಿ ಬಿಳಿಯಾಗಿ ತೋರಿಸಿದ ಭಾಗವೆಲ್ಲ ಹಿಂದಿನ ಕಾಲದ ಬಿಳಿಯಲ್ಲ.

ವಿಸ್ತೀರ್ಣದ ಲೆಕ್ಕ 1978ರ ಕೊನೆಗೆ ನಿಂಬಸ್-7 ಉಪಗ್ರಹ ಕಕ್ಷೆಗೇರಿದ ಮೇಲೆ ನಿರಂತರವಾಗಿ ಸಿಗುತ್ತಿದೆ. ಮಂಜುಗಡ್ಡೆ ಮತ್ತು ನೀರು ಹೊರಸೂಸುವ ಸೂಕ್ಷ್ಮತರಂಗಗಳ, ಅಂದರೆ ಮೈಕ್ರೋವೇವ್‌ಗಳ, ಪ್ರಮಾಣದಲ್ಲಿ ವ್ಯತ್ಯಾಸವಿರುವುದರಿಂದ ಅವುಗಳನ್ನು ಗ್ರಹಿಸುವ ಉಪಕರಣಗಳು ಮೋಡ ಕವಿದಿದ್ದರೂ, ಆರು ತಿಂಗಳ ರಾತ್ರಿಯಿದ್ದರೂ ಎರಡನ್ನೂ ಬೇರ್ಪಡಿಸಬಲ್ಲವು. ಆರ್ಕ್ಟಿಕ್ ಗಡ್ಡೆ ಮಾರ್ಚಿನಲ್ಲಿ ಸುಮಾರು 1.5 ಕೋಟಿ ಚದರ ಕಿಲೋಮೀಟರಿಗೆ ಹರಡಿ, ಸೆಪ್ಟೆಂಬರ್ ನಡುವಿಗೆ ಅತ್ಯಂತ ಕಡಿಮೆಯಾಗುತ್ತದೆ. ಆ ಕನಿಷ್ಠ ವಿಸ್ತೀರ್ಣ 1980ರ ದಶಕದಲ್ಲಿ 70 ಲಕ್ಷ ಚದರ ಕಿಲೋಮೀಟರಿನ ಆಸುಪಾಸಿನಲ್ಲಿತ್ತು. 2012ರ ಸೆಪ್ಟೆಂಬರಿನಲ್ಲಿ 34 ಲಕ್ಷಕ್ಕೆ ಕುಸಿದು, ಇಡೀ ಭಾರತದ ವಿಸ್ತೀರ್ಣಕ್ಕಿಂತ ತುಸುವೇ ಹೆಚ್ಚು ಎನ್ನುವ ಸ್ಥಿತಿಗೆ ಬಂದಿತು. ಸೆಪ್ಟೆಂಬರ್ ತಿಂಗಳ ಗಡ್ಡೆ ದಶಕಕ್ಕೆ ಶೇಕಡಾ 12ಕ್ಕೂ ಹೆಚ್ಚಿನ ವೇಗದಲ್ಲಿ ಕಡಿಮೆಯಾಗಿದೆ.

ಪತ್ರಿಕೆಗಳಿಗೆ ಪ್ರತಿವರ್ಷ ಸುದ್ದಿಯಾಗುವುದು ಈ ಸೆಪ್ಟೆಂಬರ್ ಅಂಕಿ. ಆದರೆ ಬಿಸಿಲಿನ ಲೆಕ್ಕದಲ್ಲಿ ಅದಕ್ಕಿರುವ ಬೆಲೆ ತೋರಿಕೆಗಿಂತ ಕಡಿಮೆ. ಸೆಪ್ಟೆಂಬರ್ ಹೊತ್ತಿಗೆ ಧ್ರುವದ ಸೂರ್ಯ ದಿಗಂತಕ್ಕೆ ಇಳಿದಿರುತ್ತಾನೆ. ಆಗ ತೆರೆದ ನೀರು ಎಷ್ಟೇ ಇದ್ದರೂ ಹೀರಿಕೊಳ್ಳಲು ಬೆಳಕೇ ಹೆಚ್ಚಿರುವುದಿಲ್ಲ. ಜೂನ್ ಆರಂಭದಲ್ಲಿ ಒಂದು ವಾರ ಮುಂಚಿತವಾಗಿ ಹಿಮ ತೇವಗೊಂಡರೆ, ಅಥವಾ ಹೊಂಡಗಳು ಒಂದು ವಾರ ಮೊದಲೇ ಮೂಡಿದರೆ, ಆ ಒಂದು ವಾರದ ತುಂಬು ಬಿಸಿಲೂ ಅದರ ಹಿಂದಿನಿಂದ ಬರುವ ಎಲ್ಲ ವಾರಗಳದ್ದೂ ಲೆಕ್ಕಕ್ಕೆ ಸೇರುತ್ತದೆ. ಬೇಸಿಗೆಯ ಕೊನೆಯಲ್ಲಿ ಎಷ್ಟು ಉಳಿಯಿತು ಎಂಬುದಕ್ಕಿಂತ ಬೇಸಿಗೆಯ ಆರಂಭದಲ್ಲಿ ಯಾವಾಗ ಕಪ್ಪಾಯಿತು ಎಂಬುದೇ ಮುಖ್ಯ. ಸೆಪ್ಟೆಂಬರ್ ಅಂಕಿ ಫಲಿತಾಂಶ ಮಾತ್ರ. ಆಟ ನಡೆಯುವುದು ಮೇ ಮತ್ತು ಜೂನ್ ತಿಂಗಳುಗಳಲ್ಲಿ.

ಪರಿಣಾಮವೊಂದು ಮರಳಿ ತನ್ನ ಕಾರಣಕ್ಕೇ ಬಲ ಕೊಡುವ ಇಂಥ ಸರಪಳಿಯನ್ನು ಫೀಡ್‌ಬ್ಯಾಕ್ ಎನ್ನುತ್ತಾರೆ. ತಾಪ ಏರಿದಾಗ ಗಡ್ಡೆ ಕರಗುತ್ತದೆ, ಗಡ್ಡೆ ಕರಗಿದಾಗ ಕಪ್ಪು ನೀರು ತೆರೆದುಕೊಳ್ಳುತ್ತದೆ, ಕಪ್ಪು ನೀರು ಹೆಚ್ಚು ಶಾಖ ಹೀರಿ ಇನ್ನಷ್ಟು ಗಡ್ಡೆಯನ್ನು ಕರಗಿಸುತ್ತದೆ. ಈ ವಿಚಾರ ಹೊಸದಲ್ಲ. ಗ್ಲಾಸ್ಗೋದ ಕಾಲೇಜೊಂದರಲ್ಲಿ ಕಾವಲುಗಾರನ ಕೆಲಸ ಮಾಡುತ್ತ, ಅಲ್ಲಿನ ಪುಸ್ತಕಗಳನ್ನೋದಿ ತಾನೇ ವಿಜ್ಞಾನಿಯಾದ ಸ್ಕಾಟ್ಲೆಂಡಿನ ಜೇಮ್ಸ್ ಕ್ರಾಲ್, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ, ಹಿಮಯುಗಗಳ ಕಾರಣವನ್ನು ಹುಡುಕುವಾಗ ಹಿಮವು ಬಿಸಿಲನ್ನು ಹಿಂದಕ್ಕಟ್ಟಿ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆಂದು ವಾದಿಸಿದ್ದನು. ಇದನ್ನು ಗಣಿತದ ಸಮೀಕರಣಗಳಿಗೆ ಇಳಿಸಿದವರು ಲೆನಿನ್‌ಗ್ರಾಡಿನ ಮಿಖಾಯಿಲ್ ಬುದಿಕೊ ಮತ್ತು ಅಮೆರಿಕದ ವಿಲಿಯಂ ಸೆಲ್ಲರ್ಸ್. ಇಬ್ಬರ ಪ್ರಬಂಧಗಳೂ ಒಬ್ಬರಿಗೊಬ್ಬರ ಹಂಗಿಲ್ಲದೆ 1969ರಲ್ಲಿಯೇ ಪ್ರಕಟವಾದವು. ಸೂರ್ಯನ ಶಕ್ತಿ ಶೇಕಡಾ ಒಂದೂವರೆ ಎರಡರಷ್ಟು ಕಡಿಮೆಯಾದರೂ ಸಾಕು, ಹಿಮ ಧ್ರುವಗಳಿಂದ ಕೆಳಗಿಳಿಯುತ್ತ ಬಂದು ಭೂಮಧ್ಯರೇಖೆಯನ್ನೇ ಮುಟ್ಟಿಬಿಡಬಹುದೆಂದು ಅವರ ಸರಳ ಲೆಕ್ಕಾಚಾರಗಳು ತೋರಿಸಿದವು. ಮುಂದೆ ಬಂದ ಸಂಕೀರ್ಣ ಮಾದರಿಗಳು ಭೂಮಿಯನ್ನು ಇಷ್ಟು ಸೂಕ್ಷ್ಮವೆಂದು ಕಾಣಲಿಲ್ಲವಾದರೂ ಹಿಮದ ಬೆಳ್ಪು ಹವಾಗುಣವನ್ನು ಅಲುಗಿಸುವ ಶಕ್ತಿಯೆಂಬ ಮಾತು ಅಲ್ಲಿಂದ ಮುಂದೆ ಯಾರೂ ಅಲ್ಲಗಳೆಯದ ಮಾತಾಯಿತು.

ಆದರೂ ಲೆಕ್ಕಾಚಾರ ಬೇರೆ, ಅಳತೆ ಬೇರೆ. ಆರ್ಕ್ಟಿಕ್ ಬೇಸಿಗೆ ಮೋಡಗಳ ಕಾಲ. ಮೋಡವೂ ಬಿಳಿಯೇ ಆದುದರಿಂದ ಕೆಳಗೆ ಗಡ್ಡೆ ಹೋಗಿ ನೀರು ಬಂದರೂ ಮೇಲಿನಿಂದ ನೋಡಿದಾಗ ವ್ಯತ್ಯಾಸ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ತೆರೆದ ಕಡಲಿನಿಂದ ಆವಿ ಹೆಚ್ಚಾಗಿ ಎದ್ದು ಮೋಡಗಳು ಇನ್ನೂ ದಟ್ಟವಾಗಿ, ಕಳೆದುಕೊಂಡ ಬೆಳ್ಪನ್ನು ತುಂಬಿಕೊಡಬಹುದೆಂಬ ನಿರೀಕ್ಷೆಯೂ ಕೆಲವರಿಗಿತ್ತು. 2000ದ ಈಚೆಗೆ ಸೆರೆಸ್ ಎಂಬ ಉಪಕರಣಗಳು ಉಪಗ್ರಹಗಳ ಮೇಲೆ ಕುಳಿತು, ಭೂಮಿಯಿಂದ ಮರಳುವ ಬೆಳಕನ್ನು ಮೋಡಸಹಿತವಾಗಿ ಅಳೆಯತೊಡಗಿದ ಬಳಿಕ ಈ ಪ್ರಶ್ನೆಗೆ ಉತ್ತರ ಸಾಧ್ಯವಾಯಿತು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕ್ರಿಸ್ಟಿನಾ ಪಿಸ್ಟೋನ್, ಇಯಾನ್ ಐಸೆನ್‌ಮನ್ ಮತ್ತು ವೀರಭದ್ರನ್ ರಾಮನಾಥನ್ ಈ ಅಳತೆಗಳನ್ನು ಹಳೆಯ ಸೂಕ್ಷ್ಮತರಂಗ ದಾಖಲೆಗಳೊಂದಿಗೆ ಜೋಡಿಸಿ 2014ರಲ್ಲಿ ಪ್ರಕಟಿಸಿದರು. ಇವರಲ್ಲಿ ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ ಅಮೆರಿಕಕ್ಕೆ ಹೋದವರು. ಶೈತ್ಯಕಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳೂ ಭೂಮಿಯನ್ನು ಬಿಸಿಮಾಡುತ್ತವೆಂದು 1975ರಲ್ಲಿ ಮೊದಲಿಗೆ ತೋರಿಸಿದವರು.

ಅವರ ಲೆಕ್ಕದ ಪ್ರಕಾರ 1979ರಿಂದ 2011ರವರೆಗೆ ಆರ್ಕ್ಟಿಕ್ ಪ್ರದೇಶದ ಆಲ್ಬಿಡೊ, ಮೋಡಗಳನ್ನೂ ಸೇರಿಸಿ, 0.52ರಿಂದ 0.48ಕ್ಕೆ ಇಳಿಯಿತು. ನೋಡಲು ಅಲ್ಪವೆನಿಸುವ ಈ ಇಳಿಕೆಯಿಂದ ಆರ್ಕ್ಟಿಕ್ ಸಾಗರ ಚದರ ಮೀಟರಿಗೆ 6.4 ವ್ಯಾಟ್ ಹೆಚ್ಚುವರಿ ಬಿಸಿಲನ್ನು ಹೀರತೊಡಗಿತು. ಇದನ್ನು ಇಡೀ ಭೂಗೋಲಕ್ಕೆ ಹಂಚಿದರೆ 0.21 ವ್ಯಾಟ್ ಆಗುತ್ತದೆ. ಅದೇ ಅವಧಿಯಲ್ಲಿ ವಾತಾವರಣಕ್ಕೆ ಸೇರಿದ ಇಂಗಾಲದ ಡೈ ಆಕ್ಸೈಡ್ ಉಂಟುಮಾಡಿದ ಶಾಖದ ಒತ್ತಡದ ಕಾಲು ಭಾಗ ಇದು. ಮೋಡಗಳು ನಷ್ಟ ತುಂಬಿಕೊಡುತ್ತವೆಂಬ ನಿರೀಕ್ಷೆಗೆ ಅಳತೆಗಳಲ್ಲಿ ಆಧಾರ ಸಿಗಲಿಲ್ಲ. ಬಿಸಿಲಿರುವ ತಿಂಗಳುಗಳಲ್ಲೆಲ್ಲ ಆರ್ಕ್ಟಿಕ್ ಸಂಪೂರ್ಣವಾಗಿ ಗಡ್ಡೆರಹಿತವಾದರೆ ಏನಾದೀತೆಂದು 2019ರಲ್ಲಿ ಅದೇ ಮೂವರು ಲೆಕ್ಕ ಹಾಕಿದಾಗ, 1979ಕ್ಕೆ ಹೋಲಿಸಿದರೆ ಭೂಗೋಲದ ಸರಾಸರಿಯಲ್ಲಿ 0.71 ವ್ಯಾಟ್ ಹೆಚ್ಚುವರಿ ಶಾಖ ಸೇರುವುದೆಂದು ಕಂಡುಬಂತು. ಅದು ಒಂದು ಲಕ್ಷ ಕೋಟಿ ಟನ್ ಇಂಗಾಲದ ಡೈ ಆಕ್ಸೈಡನ್ನು ವಾತಾವರಣಕ್ಕೆ ಬಿಟ್ಟಾಗ ಉಂಟಾಗುವ ಪರಿಣಾಮಕ್ಕೆ ಸಮ.

ಹೀಗೆ ಬೇಸಿಗೆಯಲ್ಲಿ ಒಳಸೇರಿದ ಶಾಖ ಕೂಡಲೇ ಗಾಳಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕರಗುತ್ತಿರುವ ಗಡ್ಡೆ ಸೊನ್ನೆ ಡಿಗ್ರಿಯ ಆಚೀಚೆಯಲ್ಲಿಯೇ ನಿಂತು ಬಂದ ಶಾಖವನ್ನೆಲ್ಲ ಕರಗುವುದಕ್ಕೇ ಖರ್ಚುಮಾಡುವುದರಿಂದ ಬೇಸಿಗೆಯ ಗಾಳಿ ಹೆಚ್ಚು ಬಿಸಿಯಾಗದು. ತೆರೆದ ನೀರಿನಲ್ಲಿ ಸಂಗ್ರಹವಾದ ಶಾಖ ಅಕ್ಟೋಬರ್, ನವೆಂಬರಿನಲ್ಲಿ ಹೊರಬಿದ್ದು ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ. ಹೀಗಾಗಿ ಬಿಸಿಲಿಲ್ಲದ ತಿಂಗಳುಗಳಲ್ಲಿಯೇ ಆರ್ಕ್ಟಿಕ್ ಅತಿ ಹೆಚ್ಚು ಬಿಸಿಯಾಗುತ್ತಿರುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ ಕಾರಣವಿಲ್ಲದ್ದಲ್ಲ. 1979ರ ಈಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಇದಕ್ಕೆ ಬೆಳ್ಪಿನ ನಷ್ಟವೊಂದೇ ಹೊಣೆಯೆನ್ನುವುದು ಸರಿಯಲ್ಲ. ಧ್ರುವದಲ್ಲಿ ನೆಲದ ಸಮೀಪದ ತಂಪು ಗಾಳಿ ಮೇಲಿನ ಗಾಳಿಯೊಡನೆ ಬೆರೆಯದೆ ಶಾಖವನ್ನು ಕೆಳಗೇ ಹಿಡಿದಿಡುವುದು, ದಕ್ಷಿಣದಿಂದ ಸಾಗರ ಪ್ರವಾಹಗಳೂ ಆವಿಯೂ ಶಾಖವನ್ನು ಹೊತ್ತು ತರುವುದು, ಇವೆಲ್ಲ ಸೇರಿಯೇ ಆ ವೇಗ.

ಇಷ್ಟನ್ನು ಕೇಳಿದವರು ಈ ಸರಪಳಿ ಒಮ್ಮೆ ಆರಂಭವಾದರೆ ಗಡ್ಡೆ ಪೂರ್ತಿ ಹೋಗುವವರೆಗೆ ನಿಲ್ಲದೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಜನಪ್ರಿಯ ಬರಹಗಳು ಆ ಭಾವನೆಯನ್ನು ಬೆಳೆಸಿವೆ. ಅದು ತಪ್ಪು ತಿಳಿವಳಿಕೆ. ಆರ್ಕ್ಟಿಕ್‌ನಲ್ಲಿ ಬೇಸಿಗೆಯ ಜೊತೆಗೆ ದೀರ್ಘ ರಾತ್ರಿಯೂ ಇದೆ. ಗಡ್ಡೆಯ ಹೊದಿಕೆಯಿಲ್ಲದ ಕಡಲು ಶರತ್ಕಾಲದಲ್ಲಿ ತನ್ನ ಶಾಖವನ್ನು ಆಕಾಶಕ್ಕೆ ಧಾರಾಳವಾಗಿ ಬಿಟ್ಟುಕೊಡುತ್ತದೆ. ತೆಳುವಾದ ಗಡ್ಡೆಯ ಮೂಲಕ ಕೆಳಗಿನ ನೀರಿನ ಶಾಖ ಬೇಗ ಹೊರಹೋಗುವುದರಿಂದ ಅದು ದಪ್ಪ ಗಡ್ಡೆಗಿಂತ ವೇಗವಾಗಿ ಬೆಳೆಯುತ್ತದೆ. ಒಂದು ಬೇಸಿಗೆಯಲ್ಲಿ ಗಡ್ಡೆಯನ್ನೆಲ್ಲ ಕೃತಕವಾಗಿ ತೆಗೆದುಹಾಕಿದ ಕಂಪ್ಯೂಟರ್ ಪ್ರಯೋಗಗಳಲ್ಲಿ, ಎರಡು ಮೂರು ವರ್ಷಗಳಲ್ಲಿ ಗಡ್ಡೆ ಆ ಕಾಲದ ಹವಾಗುಣಕ್ಕೆ ತಕ್ಕ ಮಟ್ಟಕ್ಕೆ ಮರಳಿದೆ. 2012ರ ದಾಖಲೆಯ ಕುಸಿತದ ಮರುವರ್ಷ ವಿಸ್ತೀರ್ಣ ಗಣನೀಯವಾಗಿ ಚೇತರಿಸಿಕೊಂಡುದೂ ಇದಕ್ಕೆ ಅನುಗುಣವಾಗಿಯೇ ಇದೆ. ಬೆಳ್ಪಿನ ನಷ್ಟ ತಾನೇ ಓಡುವ ಯಂತ್ರವಲ್ಲ. ಇಂಗಾಲ ಮಾಡುವ ಕೆಲಸವನ್ನು ಹಿಗ್ಗಿಸುವ ಗುಣಕ. ಇಂಗಾಲದ ಏರಿಕೆ ನಿಂತರೆ ಗಡ್ಡೆಯ ಕುಸಿತವೂ ನಿಲ್ಲಬಲ್ಲುದು, ಆದರೆ ಕಳೆದುಹೋದುದು ತಾಪ ಇಳಿಯದೆ ಮರಳಿ ಬಾರದು.

ದಕ್ಷಿಣ ಧ್ರುವದ ಕತೆ ಬೇರೆ ದಾರಿಯದು. ಅಲ್ಲಿ ನಡುವೆ ಖಂಡ, ಸುತ್ತಲೂ ಕಡಲು. ಗಡ್ಡೆ ಪ್ರತಿ ಬೇಸಿಗೆಯಲ್ಲಿ ಬಹುತೇಕ ಕರಗಿ ಪ್ರತಿ ಚಳಿಗಾಲದಲ್ಲಿ ಹೊಸದಾಗಿ ಹುಟ್ಟುತ್ತದೆ. 2014ರವರೆಗೆ ತುಸು ಹೆಚ್ಚುತ್ತಲೇ ಇದ್ದ ಅದರ ವಿಸ್ತೀರ್ಣ 2016ರಲ್ಲಿ ಹಠಾತ್ತನೆ ಕುಸಿಯಿತು. 2023ರ ಫೆಬ್ರವರಿಯಲ್ಲಿ ಅದು 18 ಲಕ್ಷ ಚದರ ಕಿಲೋಮೀಟರಿಗೂ ಕೆಳಗಿಳಿದರೆ, ಅದೇ ವರ್ಷದ ಚಳಿಗಾಲದ ಗರಿಷ್ಠ ವಿಸ್ತೀರ್ಣವೂ ಅಲ್ಲಿಯವರೆಗಿನ ದಾಖಲೆಗಳಲ್ಲಿ ಅತ್ಯಂತ ಕಡಿಮೆಯದಾಯಿತು. ಇದು ನೆಲೆನಿಂತ ಬದಲಾವಣೆಯೋ ತಾತ್ಕಾಲಿಕ ಏರಿಳಿತವೋ ಎಂಬುದರ ಮೇಲೆ ವಿದ್ವಾಂಸರಲ್ಲಿ ಇನ್ನೂ ಚರ್ಚೆ ನಡೆದಿದೆ.

ಈ ದೂರದ ಕಡಲುಗಳಿಗೂ ಭಾರತಕ್ಕೂ ನಂಟಿಲ್ಲದೆ ಇಲ್ಲ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ 2008ರಿಂದ ಭಾರತದ ಹಿಮಾದ್ರಿ ಕೇಂದ್ರವಿದೆ. ಅದರ ಸಮೀಪದ ಕೊಂಗ್ಸ್‌ಫ್ಯೋರ್ಡ್ ಎಂಬ ಕಡಲ ಚಾಚಿನ ನೀರಿನೊಳಗೆ 2014ರಿಂದ ಭಾರತೀಯ ಉಪಕರಣಗಳು ತಾಪ ಮತ್ತು ಲವಣಾಂಶವನ್ನು ಅಳೆಯುತ್ತಿವೆ. ಈ ಕೆಲಸವನ್ನು ನಡೆಸುವ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಗಡ್ಡೆ ಕಡಿಮೆಯಾಗುವುದಕ್ಕೂ ಭಾರತದಲ್ಲಿ ಮುಂಗಾರಿನ ಕೊನೆಯ ತಿಂಗಳಾದ ಸೆಪ್ಟೆಂಬರಿನ ಅತಿವೃಷ್ಟಿಗೂ ಸಂಬಂಧವಿರಬಹುದೆಂದು 2021ರಲ್ಲಿ ತೋರಿಸಿದ್ದಾರೆ. ಸಂಬಂಧ ಕಂಡುಬಂದಿದೆಯೆಂದರೆ ಕಾರಣ ಸಿದ್ಧವಾಗಿದೆಯೆಂದಲ್ಲ. ಮುಂಗಾರಿನ ಪ್ರತಿಯೊಂದು ಏರುಪೇರನ್ನೂ ಧ್ರುವದ ತಲೆಗೆ ಕಟ್ಟುವ ಆತುರ ವಿಜ್ಞಾನಕ್ಕೆ ಒಳ್ಳೆಯದಲ್ಲ.

ಕಳೆದುಹೋದ ಬೆಳ್ಪನ್ನು ಕೃತಕವಾಗಿ ಮರಳಿ ತರುವ ಯೋಚನೆಗಳೂ ಬಂದಿವೆ. ಗಡ್ಡೆಯ ಮೇಲೆ ಟೊಳ್ಳಾದ ಸೂಕ್ಷ್ಮ ಗಾಜಿನ ಮಣಿಗಳನ್ನು ಹರಡಬೇಕೆಂಬುದು ಅವುಗಳಲ್ಲೊಂದು. ಮಣಿಗಳು ಕೊಂಚ ಬೆಳಕನ್ನು ನುಂಗುವುದರಿಂದಲೂ, ಬಿಸಿಲು ತುಂಬಿರುವ ತಿಂಗಳುಗಳಲ್ಲಿ ಅವುಗಳಿಗಿಂತ ಬೆಳ್ಳಗಿರುವ ಹಿಮವನ್ನೇ ಮುಚ್ಚುವುದರಿಂದಲೂ ಈ ಉಪಾಯ ಗಡ್ಡೆಯನ್ನು ಉಳಿಸುವ ಬದಲು ಬೇಗ ಕರಗಿಸುವುದೆಂದು 2022ರ ಅಧ್ಯಯನವೊಂದು ತೋರಿಸಿತು. ಹಿಮವನ್ನು ಹಿಮಕ್ಕಿಂತ ಬೆಳ್ಳಗೆ ಮಾಡಹೊರಟವರಿಗೆ ಇದಕ್ಕಿಂತ ಬೇರೆ ಫಲಿತಾಂಶ ದೊರೆಯುವುದು ಕಷ್ಟವೇ ಇತ್ತು.

ಗಡ್ಡೆಯ ವಿಸ್ತೀರ್ಣ 10 ಲಕ್ಷ ಚದರ ಕಿಲೋಮೀಟರಿಗಿಂತ ಕಡಿಮೆಯಾದರೆ ಆರ್ಕ್ಟಿಕ್ ಸಾಗರವನ್ನು ಗಡ್ಡೆರಹಿತವೆಂದು ಪರಿಗಣಿಸುತ್ತಾರೆ. ಅಂಥ ಸೆಪ್ಟೆಂಬರ್ ಒಂದಾದರೂ 2050ಕ್ಕೆ ಮೊದಲು ಬರುವ ಸಂಭವವೇ ಹೆಚ್ಚೆಂದು ಹವಾಗುಣ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2021ರ ವರದಿ ಹೇಳುತ್ತದೆ. ಅದರ ನಂತರ ಎಷ್ಟು ವರ್ಷ ಹಾಗೆಯೇ ಇರುವುದು ಎಂಬುದನ್ನು ಕಡಲಿಗಿಂತ ಹೆಚ್ಚಾಗಿ ಚಿಮಣಿಗಳು ನಿರ್ಧರಿಸುತ್ತವೆ. ಜರ್ಮನಿಯ ಡಿರ್ಕ್ ನಾಟ್ಸ್ ಮತ್ತು ಅಮೆರಿಕದ ಜೂಲಿಯೆನ್ ಸ್ಟ್ರೋವ್ ದಶಕಗಳ ಅಳತೆಗಳನ್ನು ಹೊರಸೂಸಿದ ಇಂಗಾಲದ ಒಟ್ಟು ಮೊತ್ತದೊಂದಿಗೆ ಹೊಂದಿಸಿ ನೋಡಿ 2016ರಲ್ಲಿ ಕಂಡುಕೊಂಡಂತೆ, ಭೂಮಿಯ ಯಾವ ಮೂಲೆಯಿಂದಲೇ ಹೊರಬಿದ್ದಿರಲಿ, ಒಂದೊಂದು ಟನ್ ಇಂಗಾಲದ ಡೈ ಆಕ್ಸೈಡೂ ಆರ್ಕ್ಟಿಕ್‌ನ ಸೆಪ್ಟೆಂಬರ್ ಗಡ್ಡೆಯಲ್ಲಿ ಮೂರು ಚದರ ಮೀಟರನ್ನು ಇಲ್ಲವಾಗಿಸುತ್ತದೆ.